ರಾಜಿ ಮಾಡಿಕೊಂಡವರು, ಓಡಿ ಬಂದವರು

ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಅಮೆರಿಕದ ಅಂತರ್ಯುದ್ಧದ ಬಗ್ಗೆ ಮಾತಾಡಿದ್ದೆ. ಬಂದವರಲ್ಲಿ ಕೆಲವರು ಅದನ್ನು ಬರೆದು ಕೊಡಿ ಎಂದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಹೊತ್ತು ಸಾಲದೆ ಅವತ್ತು ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಬಹಳ ವರ್ಷ ಇತಿಹಾಸದ ಪಾಠ ಮಾಡಿದವಳು. ಅಮೆರಿಕದ ಅಂತರ್ಯುದ್ಧದ ಪಾಠ ಬಂದಾಗೆಲ್ಲ ಒಬ್ಬ ಹುಡುಗನೋ ಹುಡುಗಿಯೋ ಎದ್ದು ಕೇಳಿಯೇ ಕೇಳುತ್ತಿದ್ದರು: "ಮೇಡಂ, ಕೂತು ಮಾತಾಡಿ ಬಗೆಹರಿಸಿಕೊಳ್ಳಬಹುದಿತ್ತಲ್ವಾ? ಅಷ್ಟು ಜನ ಯಾಕೆ ಸಾಯಬೇಕಿತ್ತು?" ಒಳ್ಳೆಯ ಪ್ರಶ್ನೆ. 1861ರಿಂದ 1865ರವರೆಗೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಆ ಯುದ್ಧದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಸೈನಿಕರು ಸತ್ತರು. ಆಗ ಆ ದೇಶದ ಒಟ್ಟು ಜನ ಸುಮಾರು 3.1 ಕೋಟಿ. ಮನೆ ಮನೆಯಲ್ಲೂ ಸಾವು.

ಆ ಮಕ್ಕಳಿಗೆ ನಾನು ಹೇಳುತ್ತಿದ್ದುದು ಇಷ್ಟು. ಅವರು ಕೂತು ಮಾತಾಡಿದ್ದರು ಕಣ್ರಪ್ಪಾ. ಗುಲಾಮಗಿರಿಯ ಬಗ್ಗೆ 74 ವರ್ಷ ಮಾತಾಡಿದ್ದರು. 1787ರಲ್ಲಿ ಸಂವಿಧಾನ ಬರೆಯುವಾಗ ಒಂದು ರಾಜಿ. 1820ರಲ್ಲಿ ಒಂದು, 1850ರಲ್ಲಿ ಇನ್ನೊಂದು. ಎಲ್ಲವೂ ದೊಡ್ಡ ಮಾತುಗಾರರು, ಕಾನೂನು ಬಲ್ಲವರು ಸೇರಿ ಮಾಡಿದ್ದು. ಆದರೆ ಯಾರ ಬದುಕಿನ ಬಗ್ಗೆ ಮಾತು ನಡೆಯುತ್ತಿತ್ತೋ ಅವರನ್ನು ಒಂದು ಸಲವೂ ಕೇಳಲಿಲ್ಲ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವಾಗ ಕೊಟ್ಟಿಗೆಯ ದನವನ್ನು ಯಾರಾದರೂ ಕೇಳುತ್ತಾರಾ? ಹಾಗೆ. ಆದರೆ ಇಲ್ಲಿ ಪಾಲಿಗೆ ಇಟ್ಟಿದ್ದು ಮನುಷ್ಯರನ್ನು. ಅವರು ರಾತ್ರೋರಾತ್ರಿ ಎದ್ದು ಓಡುತ್ತಿದ್ದರು. ಅವರು ಓಡಿ ಬಂದು ಯಾರದೋ ಬಾಗಿಲು ತಟ್ಟಿದಾಗೆಲ್ಲ ರಾಜಿ ಬಿರುಕು ಬಿಡುತ್ತಿತ್ತು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಶುರುವಿನಿಂದ ಬರುತ್ತೇನೆ. 1619ರ ಆಗಸ್ಟ್ ತಿಂಗಳಲ್ಲಿ ವರ್ಜೀನಿಯಾದ ಪಾಯಿಂಟ್ ಕಂಫರ್ಟ್ ಎಂಬ ಭೂಶಿರಕ್ಕೆ ಒಂದು ಹಡಗು ಬಂತು. ಅದರಲ್ಲಿ ಆಫ್ರಿಕಾದಿಂದ ಹಿಡಿದು ತಂದ ಇಪ್ಪತ್ತು ಚಿಲ್ಲರೆ ಜನ ಇದ್ದರು. ಆಗ ವರ್ಜೀನಿಯಾ ಇಂಗ್ಲಿಷರ ವಸಾಹತು. ಹಡಗಿನವರಿಗೆ ದಿನಸಿ ಬೇಕಿತ್ತು. ದಿನಸಿ ಕೊಟ್ಟು ಇವರನ್ನು ಕೊಂಡರು. ಅಲ್ಲಿಂದ 157 ವರ್ಷ ದಾಟಿ ಬನ್ನಿ. 1776ರಲ್ಲಿ ಅದೇ ವಸಾಹತುಗಳು ಬ್ರಿಟನ್ನಿನಿಂದ ಬಿಡುಗಡೆ ಘೋಷಿಸಿಕೊಂಡವು. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಘೋಷಣೆಯಲ್ಲಿ ಬರೆದರು. ಅದನ್ನು ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರು ನೂರಕ್ಕೂ ಜಾಸ್ತಿ ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಈ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತರು. ಪೂರ್ತಿ ಸಂವಿಧಾನ ಓದಿ ನೋಡಿ, ಅವರು ಬರೆದದ್ದರಲ್ಲಿ "ಗುಲಾಮ" ಎಂಬ ಪದ ಎಲ್ಲಿಯೂ ಇಲ್ಲ. "ಇತರ ವ್ಯಕ್ತಿಗಳು" ಎಂದಿದೆ, "ದುಡಿಮೆಗೆ ಕಟ್ಟುಬಿದ್ದ ವ್ಯಕ್ತಿ" ಎಂದಿದೆ. ಹೆಸರು ಹೇಳಲು ನಾಚಿಕೆ, ಆದರೆ ಬಿಡಲು ಮನಸ್ಸಿಲ್ಲ. ಜನಸಂಖ್ಯೆಯ ಲೆಕ್ಕದಲ್ಲಿ ಗುಲಾಮರನ್ನು ಐದಕ್ಕೆ ಮೂರರಂತೆ ಎಣಿಸಬೇಕು ಎಂದು ತೀರ್ಮಾನವಾಯಿತು. ಅಂದರೆ ಐದು ಜನ ಗುಲಾಮರಿದ್ದರೆ ಮೂರು ಜನ ಎಂದು ಲೆಕ್ಕ. ಅವರಿಗೆ ಮತ ಇಲ್ಲ, ಆದರೆ ಅವರ ತಲೆ ಎಣಿಸಿ ಅವರ ಯಜಮಾನರಿಗೆ ಸಂಸತ್ತಿನಲ್ಲಿ ಜಾಸ್ತಿ ಸೀಟು. ಆ ದೇಶದ ಸಂಸತ್ತಿಗೆ ಕಾಂಗ್ರೆಸ್ ಎನ್ನುತ್ತಾರೆ. ಅಧ್ಯಕ್ಷರ ಆಯ್ಕೆಯೂ ಇದೇ ಲೆಕ್ಕದ ಮೇಲೆ. ಮೊದಲ 12 ಅಧ್ಯಕ್ಷರಲ್ಲಿ 10 ಜನ ಒಂದಲ್ಲ ಒಂದು ಕಾಲಕ್ಕೆ ಗುಲಾಮರ ಒಡೆಯರಾಗಿದ್ದವರು.

ಅದೇ ಸಂವಿಧಾನದಲ್ಲಿ ಇನ್ನೊಂದು ಸಣ್ಣ ಕಲಮು ಇತ್ತು. ದುಡಿಮೆಗೆ ಕಟ್ಟುಬಿದ್ದವರು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಓಡಿ ಹೋದರೆ ಅವರನ್ನು ಹಿಂದಕ್ಕೆ ಒಪ್ಪಿಸಬೇಕು. ಅವತ್ತು ಈ ಕಲಮಿನ ಬಗ್ಗೆ ಹೆಚ್ಚು ಚರ್ಚೆಯೇ ಆಗಲಿಲ್ಲ. ಮುಂದೆ ದೇಶಕ್ಕೆ ಬೆಂಕಿ ಹತ್ತಿದ್ದು ಇಲ್ಲಿಂದ.

ಗುಲಾಮಗಿರಿ ತಾನಾಗಿಯೇ ಕಡಿಮೆಯಾಗಿ ಹೋಗುತ್ತದೆ ಎಂದು ಆಗ ಅನೇಕರು ನಂಬಿದ್ದರು. ಉತ್ತರದ ರಾಜ್ಯಗಳು ಒಂದೊಂದಾಗಿ ಅದನ್ನು ಬಿಡುತ್ತಿದ್ದವು. ಆಗ ಹತ್ತಿ ಬಂತು. ಹತ್ತಿ ನಮಗೆ ಗೊತ್ತಿಲ್ಲದ ಬೆಳೆಯಲ್ಲ. ಬಿಡಿಸಿ ತಂದ ಮೇಲೆ ಕಾಳು ಬೇರೆ, ಅರಳೆ ಬೇರೆ ಮಾಡುವುದು ಎಷ್ಟು ತ್ರಾಸಿನ ಕೆಲಸ! ಅಮೆರಿಕದ ಒಳನಾಡಿನಲ್ಲಿ ಬೆಳೆಯುತ್ತಿದ್ದ ಹತ್ತಿಯ ಕಾಳು ಎಳೆಗೆ ಅಂಟಿಕೊಂಡಿರುತ್ತಿತ್ತು. ಒಬ್ಬ ಆಳು ಇಡೀ ದಿನ ಕೂತು ಬಿಡಿಸಿದರೂ ಒಂದು ಪೌಂಡ್ ಅರಳೆ ಸಿಕ್ಕರೆ ಹೆಚ್ಚು. 1793ರಲ್ಲಿ ಎಲಿ ವಿಟ್ನಿ ಎಂಬಾತ ಜಿನ್ ಯಂತ್ರ ಮಾಡಿದ. ಅದರಲ್ಲಿ ದಿನಕ್ಕೆ 50 ಪೌಂಡ್ ತೆಗೆಯಬಹುದಿತ್ತು. ಯಂತ್ರ ಬಂದರೆ ಆಳಿನ ಕೆಲಸ ಕಮ್ಮಿ ಆಗಬೇಕಲ್ವಾ? ಆಗಿದ್ದು ತದ್ವಿರುದ್ಧ. ಕಾಳು ಬಿಡಿಸುವುದು ಸುಲಭವಾದದ್ದೇ ತಡ, ಎಲ್ಲರಿಗೂ ಹತ್ತಿ ಬಿತ್ತುವ ಆಸೆ. ಬಿತ್ತಲು, ಕಳೆ ತೆಗೆಯಲು, ಹತ್ತಿ ಬಿಡಿಸಲು ಕೈ ಬೇಕು. 1790ರಲ್ಲಿ ಆ ದೇಶದಲ್ಲಿದ್ದ ಗುಲಾಮರು ಸುಮಾರು 7 ಲಕ್ಷ. 1860ರಲ್ಲಿ ಸುಮಾರು 40 ಲಕ್ಷ. ಅದೇ ಹೊತ್ತಿಗೆ ವರ್ಷಕ್ಕೆ ಬೆಳೆಯುತ್ತಿದ್ದ ಹತ್ತಿಯೂ ಸುಮಾರು 40 ಲಕ್ಷ ಅಂಡಿಗೆ. ದೇಶದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹತ್ತಿಯದ್ದೇ.

1808ರಿಂದ ಹೊರಗಿನಿಂದ ಗುಲಾಮರನ್ನು ತರುವುದು ಕಾನೂನಿನ ಪ್ರಕಾರ ನಿಂತಿತು. ಆಗ ದೇಶದ ಒಳಗೇ ಸಂತೆ ಬೆಳೆಯಿತು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಸುಮಾರು 10 ಲಕ್ಷ ಜನರನ್ನು ಮಿಸಿಸಿಪ್ಪಿ, ಅಲಬಾಮ, ಲೂಸಿಯಾನಾದ ಹತ್ತಿ ಹೊಲಗಳಿಗೆ ಸಾಗಿಸಿದರು. ಸಾಲಾಗಿ ಸರಪಳಿ ಹಾಕಿ ನೂರಾರು ಮೈಲಿ ನಡೆಸುತ್ತಿದ್ದರು. ಗಂಡ ಒಬ್ಬನಿಗೆ, ಹೆಂಡತಿ ಇನ್ನೊಬ್ಬನಿಗೆ, ಮಗು ಮತ್ತೊಬ್ಬನಿಗೆ. ಅಂತರ್ಯುದ್ಧದ ಹೊತ್ತಿಗೆ ಗಟ್ಟಿಮುಟ್ಟಾದ ಒಬ್ಬ ಆಳಿನ ಬೆಲೆ ಸಾವಿರ ಡಾಲರ್ ದಾಟಿತ್ತು. ದೇಶದ ಎಲ್ಲ ರೈಲು ದಾರಿ, ಎಲ್ಲ ಕಾರ್ಖಾನೆಗಳ ಬೆಲೆ ಕೂಡಿಸಿದರೂ ಈ ಮನುಷ್ಯರ ಮೇಲೆ ಕಟ್ಟಿದ ಬೆಲೆಗೆ ಸಮ ಬರುತ್ತಿರಲಿಲ್ಲ. ಇಷ್ಟು ದೊಡ್ಡ ಆಸ್ತಿಯನ್ನು ಯಾರೂ ಸುಮ್ನೆ ಬಿಟ್ಟುಕೊಡುವುದಿಲ್ಲ. ದಕ್ಷಿಣದ ಹಠ ಅರ್ಥವಾಗಬೇಕಾದರೆ ಈ ಲೆಕ್ಕ ತಲೆಯಲ್ಲಿರಬೇಕು.

ಇಲ್ಲಿ ಒಂದು ಮಾತು ನಮ್ಮ ಕಡೆಯದು. ಈ ಹತ್ತಿಗೂ ನಮಗೂ ನಂಟಿದೆ. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಬೀಜವನ್ನು ಧಾರವಾಡ ಸೀಮೆಗೆ ತಂದು ಬಿತ್ತಿಸಿತು. ಜನ ಅದಕ್ಕೆ ವಿಲಾಯತಿ ಹತ್ತಿ ಎಂದರು, ತಮ್ಮದಕ್ಕೆ ಜವಾರಿ ಹತ್ತಿ ಎಂದರು. ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಜವಾರಿ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು. ಅಮೆರಿಕದಲ್ಲಿ ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದವು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಆಗ ಇಲ್ಲಿ ಬೆಲೆ ಏರಿದ ಪರಿಯನ್ನು ನಮ್ಮ ಹಿರಿಯರು ಅದುವರೆಗೆ ಕಂಡಿದ್ದೇ ಇಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಬೊಂಬಾಯಿಯಲ್ಲಿ ಎಷ್ಟೋ ವ್ಯಾಪಾರಿಗಳು ದಿವಾಳಿಯಾದರು. ಹೊಲದಲ್ಲಿ ನಿಂತಿದ್ದ ರೈತನಿಗೆ ಈ ಏರಿಳಿತದ ಹಿಂದೆ ಯಾರ ಬೆನ್ನ ಮೇಲಿನ ಬಾಸುಂಡೆ ಇತ್ತು ಎಂದು ಗೊತ್ತಿತ್ತಾ? ಗೊತ್ತಿರಲು ದಾರಿಯೇ ಇರಲಿಲ್ಲ.

ಸರಿ, ಮತ್ತೆ ಅಮೆರಿಕಕ್ಕೆ. ದೇಶ ಪಶ್ಚಿಮಕ್ಕೆ ಬೆಳೆಯುತ್ತಿತ್ತು. ಹೊಸ ರಾಜ್ಯ ಸೇರಿದಾಗಲೆಲ್ಲ ಒಂದೇ ಜಗಳ, ಅಲ್ಲಿ ಗುಲಾಮಗಿರಿ ಇರಬೇಕಾ ಬೇಡವಾ. ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಪ್ರತಿ ರಾಜ್ಯಕ್ಕೂ ಎರಡು ಸೀಟು. 1819ರಲ್ಲಿ ಮಿಸೌರಿ ಅರ್ಜಿ ಹಾಕಿದಾಗ ಎರಡೂ ಕಡೆ 11 ರಾಜ್ಯ, ಸರಿಸಮ. 1820ರಲ್ಲಿ ರಾಜಿ ಆಯಿತು. ಮಿಸೌರಿಯಲ್ಲಿ ಗುಲಾಮಗಿರಿ ಇರಲಿ, ಅದಕ್ಕೆ ಸಮನಾಗಿ ಮೇನ್ ಎಂಬ ಹೊಸ ರಾಜ್ಯ ಅದಿಲ್ಲದೆ ಬರಲಿ. ಪಶ್ಚಿಮದ ಉಳಿದ ನೆಲದಲ್ಲಿ ನಕ್ಷೆಯ ಮೇಲೊಂದು ಗೆರೆ. ಗೆರೆಯ ಉತ್ತರಕ್ಕೆ ಗುಲಾಮಗಿರಿ ಬೇಡ. ಮುದುಕನಾಗಿದ್ದ ಜೆಫರ್ಸನ್ ಈ ಸುದ್ದಿ ಕೇಳಿ, ನಡುರಾತ್ರಿ ಬೆಂಕಿ ಗಂಟೆ ಬಡಿದಂತೆ ಬೆಚ್ಚಿಬಿದ್ದೆ ಎಂದು ಪತ್ರ ಬರೆದ. ಬೆಚ್ಚಿದ್ದು ನಿಜ. ಬೆರಳೆಣಿಕೆಯ ಕೆಲವರ ಹೊರತು ತನ್ನ ಮನೆಯ ಗುಲಾಮರನ್ನು ಬಿಡಲಿಲ್ಲ ಎಂಬುದೂ ನಿಜ.

ಗೆರೆ 34 ವರ್ಷ ನಿಂತಿತು. ಆ ವರ್ಷಗಳಲ್ಲಿ ಏನೇನಾಯಿತು ಎಂದು ಹೇಳುತ್ತಾ ಹೋದರೆ ರಾತ್ರಿಯಾಗುತ್ತದೆ. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ ದಂಗೆ ಎದ್ದ. ದಕ್ಷಿಣದವರು ಹೆದರಿ ಕಾನೂನು ಬಿಗಿ ಮಾಡಿದರು. ಗುಲಾಮಗಿರಿ ವಿರುದ್ಧದ ಪತ್ರಿಕೆಗಳನ್ನು ಅಂಚೆಯಿಂದ ತೆಗೆದು ಬೀದಿಯಲ್ಲಿ ಸುಟ್ಟರು. ಕಾಂಗ್ರೆಸ್ಸಿನ ಕೆಳಮನೆ 1836ರಿಂದ 1844ರವರೆಗೆ ಈ ವಿಷಯದ ಅರ್ಜಿಗಳನ್ನು ಚರ್ಚೆಗೆ ತೆಗೆದುಕೊಳ್ಳಲೇ ಇಲ್ಲ. ಚರ್ಚುಗಳು ಕೂಡ ಒಡೆದವು. ಮೆಥಡಿಸ್ಟರು 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಉತ್ತರ ದಕ್ಷಿಣ ಎಂದು ಬೇರೆಯಾದರು. ಒಂದೇ ದೇವರನ್ನು ಒಟ್ಟಿಗೆ ಪ್ರಾರ್ಥಿಸಲು ಆಗದವರು ಒಂದೇ ಸಂಸತ್ತಿನಲ್ಲಿ ಇನ್ನೆಷ್ಟು ದಿನ ಕೂರುತ್ತಾರೆ?

ಮೆಕ್ಸಿಕೋ ಜೊತೆ ಯುದ್ಧ ಮಾಡಿ 1848ರಲ್ಲಿ ದೊಡ್ಡ ನೆಲ ಗೆದ್ದರು. ಮತ್ತೆ ಅದೇ ಜಗಳ. 1850ರಲ್ಲಿ ಮತ್ತೊಂದು ರಾಜಿ. ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದ ರಾಜ್ಯವಾಯಿತು. ಅದಕ್ಕೆ ಬದಲಾಗಿ ದಕ್ಷಿಣಕ್ಕೆ ಸಿಕ್ಕಿದ್ದು ಓಡಿಹೋದವರನ್ನು ಹಿಡಿದು ಕೊಡುವ ಬಿಗಿಯಾದ ಕಾನೂನು. ಈ ಕಾನೂನಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕೇಳಿ.

ಯಾರೋ ಒಬ್ಬ ಬಂದು ಇವನು ನನ್ನ ಗುಲಾಮ, ಓಡಿ ಬಂದಿದ್ದಾನೆ ಎಂದು ಪ್ರಮಾಣ ಮಾಡಿದರೆ ಸಾಕು. ಹಿಡಿದವನನ್ನು ಕಮಿಷನರ್ ಎಂಬ ಅಧಿಕಾರಿಯ ಮುಂದೆ ನಿಲ್ಲಿಸುತ್ತಾರೆ. ಜೂರಿ, ಅಂದರೆ ತೀರ್ಪು ಹೇಳಲು ಕೂರುವ ಸಾಮಾನ್ಯ ಜನರ ತಂಡ, ಇಲ್ಲ. ಸಿಕ್ಕಿಬಿದ್ದವನು ತನ್ನ ಪರವಾಗಿ ಸಾಕ್ಷಿ ಹೇಳುವಂತಿಲ್ಲ. ಅವನನ್ನು ಬಿಟ್ಟರೆ ಕಮಿಷನರ್‌ಗೆ 5 ಡಾಲರ್ ಶುಲ್ಕ. ಯಜಮಾನನಿಗೆ ಒಪ್ಪಿಸಿದರೆ 10 ಡಾಲರ್. ಕಾಗದ ಪತ್ರದ ಕೆಲಸ ಜಾಸ್ತಿ ಇರುತ್ತದೆ ಎಂದು ಅದಕ್ಕೆ ಸಮಜಾಯಿಷಿ ಕೊಟ್ಟರು. ಓಡಿ ಬಂದವರಿಗೆ ಅನ್ನ ಹಾಕಿದರೆ, ಅಡಗಿಸಿಟ್ಟರೆ 1,000 ಡಾಲರ್ ದಂಡ, ಆರು ತಿಂಗಳು ಜೈಲು. ಹಿಡಿಯಲು ಕೈ ಜೋಡಿಸಿ ಎಂದು ಅಧಿಕಾರಿ ಕರೆದರೆ ಊರಿನ ಯಾವ ಗಂಡಸೂ ಇಲ್ಲ ಎನ್ನುವಂತಿಲ್ಲ.

ಅದುವರೆಗೆ ಉತ್ತರದ ಸಾಮಾನ್ಯ ಜನಕ್ಕೆ ಗುಲಾಮಗಿರಿ ಅಂದರೆ ದೂರದ ಮಾತು. ಕೆಟ್ಟದ್ದೇ ಇರಬಹುದು, ಆದರೆ ಅದು ಅವರ ಪಾಡು ಎಂದು ಇದ್ದವರೇ ಹೆಚ್ಚು. ಉತ್ತರದವರು ಸಾಚಾ ಎಂದು ನಾನು ಹೇಳುತ್ತಿಲ್ಲ. ಅವರ ಗಿರಣಿಗಳು ಓಡುತ್ತಿದ್ದದ್ದು ಆ ಹತ್ತಿಯಿಂದಲೇ. ನ್ಯೂಯಾರ್ಕಿನ ಬ್ಯಾಂಕುಗಳು ಹತ್ತಿ ಜಮೀನ್ದಾರರಿಗೆ ಸಾಲ ಕೊಡುತ್ತಿದ್ದವು. ಕಪ್ಪು ಜನ ತಮ್ಮ ಪಕ್ಕದಲ್ಲಿ ಕೂರುವುದು ಬಹಳ ಜನಕ್ಕೆ ಬೇಕಿರಲಿಲ್ಲ. ಆದರೆ ಈಗ ಕಾನೂನು ಅವರ ಬೀದಿಗೇ ಬಂತು. ಮೊನ್ನೆ ತನಕ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನನ್ನು ಕೈಗೆ ಬೇಡಿ ಹಾಕಿ ಎಳೆದುಕೊಂಡು ಹೋಗುವುದನ್ನು ಕಣ್ಣಾರೆ ನೋಡಬೇಕಾಯಿತು.

ಆಂಥನಿ ಬರ್ನ್ಸ್ ಎಂಬ ಹುಡುಗನ ಕಥೆ ಹೇಳುತ್ತೇನೆ. ವರ್ಜೀನಿಯಾದ ರಿಚ್ಮಂಡಿನಿಂದ ಹಡಗಿನಲ್ಲಿ ಅಡಗಿ ಬಾಸ್ಟನ್ನಿಗೆ ಬಂದಿದ್ದ. ಇಪ್ಪತ್ತರ ವಯಸ್ಸು. ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿದ. ಊರಿನಲ್ಲಿ ಇನ್ನೂ ಗುಲಾಮನಾಗಿದ್ದ ಅಣ್ಣನಿಗೆ ಒಂದು ಪತ್ರ ಬರೆದ. ಅಣ್ಣನ ನೆನಪಾಗಿ ಬರೆದ ಆ ಪತ್ರ ಯಜಮಾನನ ಕೈಗೆ ಸಿಕ್ಕಿತು. 1854ರ ಮೇ 24ರಂದು ಅವನನ್ನು ಹಿಡಿದರು. ಜನ ಕೋರ್ಟಿನ ಬಾಗಿಲು ಒಡೆದು ಬಿಡಿಸಲು ನೋಡಿದರು, ಆಗಲಿಲ್ಲ, ಗಲಾಟೆಯಲ್ಲಿ ಒಬ್ಬ ಕಾವಲುಗಾರ ಸತ್ತ. ಅಧ್ಯಕ್ಷ ಫ್ರ್ಯಾಂಕ್ಲಿನ್ ಪಿಯರ್ಸ್ ಸೈನ್ಯ ಬಳಸಲು ಒಪ್ಪಿಗೆ ಕೊಟ್ಟ. ಜೂನ್ 2ರಂದು ಆ ಒಬ್ಬ ಹುಡುಗನನ್ನು ಹಡಗಿಗೆ ಹತ್ತಿಸಲು ಬೀದಿಯ ಎರಡೂ ಕಡೆ ಬಂದೂಕು ಹಿಡಿದ ಸೈನಿಕರು ನಿಂತರು. ಸಾವಿರಾರು ಜನ ಸೇರಿ ನೋಡಿದರು. ಅಂಗಡಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಒಂದು ಕಡೆ "ಸ್ವಾತಂತ್ರ್ಯ" ಎಂದು ಬರೆದ ಶವಪೆಟ್ಟಿಗೆ ತೂಗುಬಿಟ್ಟಿದ್ದರು. ಬಾಸ್ಟನ್ನಿನ ಶ್ರೀಮಂತ ಗಿರಣಿ ಮಾಲೀಕರಲ್ಲಿ ಒಬ್ಬರಾದ ಏಮಸ್ ಲಾರೆನ್ಸ್ ಬರೆದ ಮಾತಿದೆ. ರಾತ್ರಿ ಮಲಗುವಾಗ ರಾಜಿ ಬೇಕೆನ್ನುವ ಹಳೇ ಕಾಲದವರಾಗಿದ್ದೆವು, ಬೆಳಿಗ್ಗೆ ಏಳುವಾಗ ಗುಲಾಮಗಿರಿ ಹೋಗಲೇಬೇಕು ಎನ್ನುವ ಹುಚ್ಚು ಹಿಡಿದಿತ್ತು ಎಂದು. ಎಷ್ಟೋ ಪುಸ್ತಕ, ಎಷ್ಟೋ ಭಾಷಣ ಮಾಡಲಾಗದ್ದನ್ನು ಬೇಡಿ ಹಾಕಿಕೊಂಡ ಒಬ್ಬ ಹುಡುಗ ಬೀದಿಯಲ್ಲಿ ನಡೆದು ಮಾಡಿದ. ಆಮೇಲೆ ಜನ ಚಂದಾ ಎತ್ತಿ ಅವನನ್ನು ಬಿಡಿಸಿದರು. ಅವನು ಓದಿ ಪಾದ್ರಿಯಾದ. 28ನೇ ವಯಸ್ಸಿಗೆ ಕೆನಡಾದಲ್ಲಿ ತೀರಿಕೊಂಡ.

ಇನ್ನೊಂದು ಕಥೆ ಹೇಳುವುದು ಕಷ್ಟ. ಆದರೂ ಹೇಳಬೇಕು. 1856ರ ಜನವರಿಯಲ್ಲಿ ಓಹಾಯೋ ನದಿ ಹೆಪ್ಪುಗಟ್ಟಿತ್ತು. ಮಾರ್ಗರೆಟ್ ಗಾರ್ನರ್ ಎಂಬ ಹೆಣ್ಣುಮಗಳು ಗಂಡ, ಮಕ್ಕಳು, ಅತ್ತೆ ಮಾವನ ಜೊತೆ ಆ ಮಂಜುಗಡ್ಡೆಯ ಮೇಲೆ ನಡೆದು ಗುಲಾಮಗಿರಿ ಇದ್ದ ಕೆಂಟಕಿಯಿಂದ ಅದಿಲ್ಲದ ಓಹಾಯೋ ರಾಜ್ಯದ ಸಿನ್ಸಿನಾಟಿಗೆ ಬಂದಳು. ಕೆಲವೇ ಗಂಟೆಯಲ್ಲಿ ಹಿಡಿಯುವವರು ಮನೆ ಸುತ್ತುವರಿದರು. ಅವಳು ತನ್ನ ಪುಟ್ಟ ಮಗಳನ್ನು ತನ್ನ ಕೈಯಾರೆ ಕೊಂದಳು. ಮತ್ತೆ ಆ ಬಾಳಿಗೆ ಕಳಿಸುವುದಕ್ಕಿಂತ ಇದೇ ಮೇಲು ಎಂದು. ಆಮೇಲೆ ನಡೆದ ವಾದ ಕೇಳಿ. ಅವಳನ್ನು ಕೊಲೆ ಆರೋಪಿ ಎಂದು ವಿಚಾರಣೆ ಮಾಡಿ ಎಂದು ಕೇಳಿದವರು ಯಾರು ಗೊತ್ತಾ? ಅವಳ ಪರವಾಗಿದ್ದವರು! ಕೊಲೆ ಮೊಕದ್ದಮೆ ನಡೆದರೆ ಅವಳು ಮನುಷ್ಯಳು, ಆ ಮಗು ಅವಳದು ಎಂದು ಕೋರ್ಟು ಒಪ್ಪಿದಂತಾಗುತ್ತದೆ. ಯಜಮಾನನ ಕಡೆಯವರಿಗೆ ಅದು ಬೇಡ. ಅವರ ಪ್ರಕಾರ ಅವಳೂ ಸೊತ್ತು, ಸತ್ತ ಮಗುವೂ ಸೊತ್ತು. ಸೊತ್ತು ಎನ್ನುವವರೇ ಗೆದ್ದರು. ಅವಳನ್ನು ಹಿಂದಕ್ಕೆ ಕಳಿಸಿದರು. ಎರಡು ವರ್ಷದಲ್ಲಿ ವಿಷಮಶೀತ ಜ್ವರ ಬಂದು ಸತ್ತಳು.

ಇದನ್ನು ಓದಿದ ಮೇಲೆ ರಾಜಿ ಎಂಬ ಪದ ನನಗೆ ಮೊದಲಿನಂತೆ ಕೇಳಿಸುವುದಿಲ್ಲ.

ಬರ್ನ್ಸ್‌ನನ್ನು ಹಿಡಿದ ಅದೇ ವಾರ ವಾಷಿಂಗ್ಟನ್ನಿನಲ್ಲಿ 1820ರ ಗೆರೆಯನ್ನು ಅಳಿಸಿ ಹಾಕಿದರು. ಸ್ಟೀಫನ್ ಡಗ್ಲಸ್ ಎಂಬ ಸೆನೆಟರ್ ತಂದ ಮಸೂದೆ ಅದು. ಕಾನ್ಸಾಸ್ ಮತ್ತು ನೆಬ್ರಾಸ್ಕದಲ್ಲಿ ಗುಲಾಮಗಿರಿ ಬೇಕೋ ಬೇಡವೋ ಅಲ್ಲಿಯ ಜನವೇ ಮತ ಹಾಕಿ ತೀರ್ಮಾನಿಸಲಿ ಎಂದ. ಕೇಳಲು ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಆ "ಜನ" ಎಂಬುದರಲ್ಲಿ ಗುಲಾಮರು ಸೇರಿರಲಿಲ್ಲ. 1855ರ ಮಾರ್ಚಿನಲ್ಲಿ ಕಾನ್ಸಾಸ್‌ನಲ್ಲಿ ಚುನಾವಣೆ ನಡೆಯಿತು. ಮತ ಹಾಕಲು ಅರ್ಹರಾಗಿದ್ದವರು 2,905 ಜನ. ಬಿದ್ದ ಮತ 6,307. ಪಕ್ಕದ ಮಿಸೌರಿಯಿಂದ ಬಂದೂಕು ಹಿಡಿದು ಗಡಿ ದಾಟಿ ಬಂದು ಮತ ಹಾಕಿ ಹೋಗಿದ್ದರು. ಸೋತವರು ತಮ್ಮದೇ ಬೇರೆ ಸರ್ಕಾರ ಮಾಡಿಕೊಂಡರು. 1856ರ ಮೇ 21ಕ್ಕೆ ಗುಲಾಮಗಿರಿ ಪರವಾಗಿದ್ದವರು ಲಾರೆನ್ಸ್ ಎಂಬ ಅವರ ಊರಿಗೆ ನುಗ್ಗಿ ಲೂಟಿ ಮಾಡಿ ಬೆಂಕಿ ಇಟ್ಟರು. ಮೂರು ದಿನದ ಮೇಲೆ ಜಾನ್ ಬ್ರೌನ್ ಎಂಬಾತ ತನ್ನ ಮಕ್ಕಳ ಜೊತೆ ಹೋಗಿ ಗುಲಾಮಗಿರಿ ಪರವಾಗಿದ್ದ ಐವರನ್ನು ರಾತ್ರಿ ಮನೆಯಿಂದ ಎಳೆದು ಕಡಿದ. ದೇಶದ ಯುದ್ಧ 1861ರಲ್ಲಿ ಶುರುವಾಯಿತು ಎನ್ನುತ್ತೇವೆ. ಕಾನ್ಸಾಸ್‌ನಲ್ಲಿ ಅದು ಐದು ವರ್ಷ ಮೊದಲೇ ಶುರುವಾಗಿತ್ತು.

ಈ ಎರಡು ಘಟನೆಗಳ ನಡುವೆ, ಮೇ 22ರಂದು, ಸೆನೆಟ್ ಸಭಾಂಗಣದಲ್ಲಿ ಇನ್ನೊಂದು ನಡೆಯಿತು. ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಕಾನ್ಸಾಸ್ ಬಗ್ಗೆ ಖಾರವಾಗಿ ಭಾಷಣ ಮಾಡಿದ್ದರು. ದಕ್ಷಿಣ ಕ್ಯಾರೊಲೈನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಬಂದು, ಮೇಜಿನ ಮುಂದೆ ಕೂತು ಬರೆಯುತ್ತಿದ್ದ ಅವರ ತಲೆಗೆ ಊರುಗೋಲಿನಿಂದ ಬಡಿದ. ಕೋಲು ಮುರಿಯುವ ತನಕ ಬಡಿದ. ಸಮ್ನರ್ ಸುಧಾರಿಸಿಕೊಂಡು ಮತ್ತೆ ಪೂರ್ತಿ ಕೆಲಸಕ್ಕೆ ಬರಲು ಮೂರು ವರ್ಷ ಬೇಕಾಯಿತು. ಬ್ರೂಕ್ಸ್‌ಗೆ ದಕ್ಷಿಣದಿಂದ ಅಭಿಮಾನಿಗಳು ಹೊಸ ಕೋಲುಗಳನ್ನು ಉಡುಗೊರೆ ಕಳಿಸಿದರು. ನನಗೆ ಹೊಡೆತಕ್ಕಿಂತ ಈ ಉಡುಗೊರೆಗಳೇ ಹೆಚ್ಚು ಹೆದರಿಕೆ ತರುತ್ತವೆ.

ಕೊನೆಗೆ ಸುಪ್ರೀಂ ಕೋರ್ಟ್ ಬಗೆಹರಿಸಲಿ ಎಂದು ನೋಡಿದರು. ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಯಜಮಾನನ ಜೊತೆ ಗುಲಾಮಗಿರಿ ಇಲ್ಲದ ಕಡೆ ವರ್ಷಗಟ್ಟಲೆ ಇದ್ದವನು. ಅವನೂ ಅವನ ಹೆಂಡತಿ ಹ್ಯಾರಿಯೆಟ್ ಕೂಡ ನಾವು ಸ್ವತಂತ್ರರು ಎಂದು 1846ರಲ್ಲಿ ದಾವೆ ಹೂಡಿದರು. 11 ವರ್ಷ ಕೋರ್ಟು ಅಲೆದರು. 1857ರ ಮಾರ್ಚ್ 6ರಂದು ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ತೀರ್ಪು ಓದಿದರು. ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ, ಬಿಳಿಯರು ಮನ್ನಿಸಬೇಕಾದ ಯಾವ ಹಕ್ಕೂ ಅವರಿಗಿದೆ ಎಂದು ಸಂವಿಧಾನ ಬರೆದವರು ತಿಳಿದಿರಲಿಲ್ಲ ಎಂದರು. ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲ ಎಂದೂ ಹೇಳಿದರು. ಅಂದರೆ 1820ರ ಗೆರೆ ಮೊದಲಿನಿಂದಲೂ ತಪ್ಪು. ಇನ್ನು ರಾಜಿ ಮಾಡಿಕೊಳ್ಳಲು ಜಾಗವೇ ಉಳಿಯಲಿಲ್ಲ.

1859ರಲ್ಲಿ ಅದೇ ಜಾನ್ ಬ್ರೌನ್ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿ, ಸಿಕ್ಕಿಬಿದ್ದು, ಡಿಸೆಂಬರಿನಲ್ಲಿ ನೇಣಿಗೇರಿದ. ಉತ್ತರದಲ್ಲಿ ಕೆಲವು ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸಿದರು. ದಕ್ಷಿಣದಲ್ಲಿ ಅದನ್ನು ಕೇಳಿ ಸಿಟ್ಟಿಗೆದ್ದರು. ಮರುವರ್ಷ ಅಧ್ಯಕ್ಷರ ಚುನಾವಣೆಯಲ್ಲಿ ಅಬ್ರಹಾಂ ಲಿಂಕನ್ ಗೆದ್ದ. ಸಿಕ್ಕಿದ್ದು ಶೇ. 40ರಷ್ಟು ಮತ. ದಕ್ಷಿಣದ 10 ರಾಜ್ಯಗಳಲ್ಲಿ ಅವನ ಹೆಸರಿನ ಮತಚೀಟಿಯೇ ಇರಲಿಲ್ಲ. ಅವನು ಹೇಳಿದ್ದೂ ಇಷ್ಟೇ. ಇರುವ ಕಡೆ ಗುಲಾಮಗಿರಿಯನ್ನು ಮುಟ್ಟುವುದಿಲ್ಲ, ಹೊಸ ನೆಲಕ್ಕೆ ಹಬ್ಬಲು ಬಿಡುವುದಿಲ್ಲ. ಅಷ್ಟಕ್ಕೇ 1860ರ ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲೈನಾ ದೇಶದಿಂದ ಹೊರಬಂತು. ಫೆಬ್ರವರಿ 1ರ ಹೊತ್ತಿಗೆ ಏಳು ರಾಜ್ಯ.

ಇಲ್ಲಿಗೆ ಬಂದಾಗ ಸಭೆಯಲ್ಲಿ ಒಬ್ಬ ಹಿರಿಯರು ಕೈ ಎತ್ತಿದರು. "ಅಮ್ಮಾ, ಅದು ರಾಜ್ಯಗಳ ಹಕ್ಕಿಗಾಗಿ ನಡೆದ ಯುದ್ಧ ಅಂತ ಓದಿದ್ದೇನೆ. ಗುಲಾಮಗಿರಿ ಬರೀ ನೆಪ ಅಂತಾರಲ್ಲ?" ಎಂದರು. ಕೇಳಿದ್ದು ಒಳ್ಳೆಯದೇ ಆಯಿತು. ಈ ಮಾತು ಅಮೆರಿಕದಲ್ಲೂ ಬಹಳ ಕಾಲ ಓಡಾಡಿದೆ. ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಹೊರಬಂದವರು ಯಾಕೆ ಹೊರಬಂದೆವು ಎಂದು ತಾವೇ ಬರೆದು ಇಟ್ಟಿದ್ದಾರೆ. ದಕ್ಷಿಣ ಕ್ಯಾರೊಲೈನಾದ ಘೋಷಣೆಯ ದೊಡ್ಡ ದೂರು ಏನು? ಉತ್ತರದ ರಾಜ್ಯಗಳು ಓಡಿ ಬಂದವರನ್ನು ಹಿಡಿದು ಕೊಡುತ್ತಿಲ್ಲ ಎಂಬುದು. ಆ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡು, ನಮ್ಮ ಜೈಲು ಕೊಡುವುದಿಲ್ಲ, ಜೂರಿ ಇಲ್ಲದೆ ಕಳಿಸುವುದಿಲ್ಲ ಎನ್ನುತ್ತಿದ್ದವು. ಅದು ರಾಜ್ಯಗಳ ಹಕ್ಕು ಅಲ್ವಾ? ಆ ಹಕ್ಕನ್ನು ಕೇಂದ್ರ ಸರ್ಕಾರ ಮುರಿಯಬೇಕು ಎಂದು ಕೇಳುತ್ತಿದ್ದವರು ದಕ್ಷಿಣದವರು. ಮಿಸಿಸಿಪ್ಪಿಯಂತೂ ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಎಂದು ಮೊದಲ ಸಾಲುಗಳಲ್ಲೇ ಬರೆಯಿತು. ಅವರ ಹೊಸ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ನಮ್ಮ ಸರ್ಕಾರದ ಮೂಲೆಗಲ್ಲು ಎಂದು ಬಹಿರಂಗವಾಗಿ ಹೇಳಿದ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರೇ ಬರೆದಿದ್ದಾರೆ ಅಂದ ಮೇಲೆ ಮುಗೀತು" ಎಂದರು.

ರಾಜಿ ಮಾಡುವವರು ಆಗಲೂ ಬಿಡಲಿಲ್ಲ. 1861ರ ಮಾರ್ಚ್ ಮೊದಲ ವಾರದ ಹೊತ್ತಿಗೆ ಕಾಂಗ್ರೆಸ್ಸಿನ ಎರಡೂ ಮನೆಗಳು ಒಂದು ಸಂವಿಧಾನ ತಿದ್ದುಪಡಿ ಒಪ್ಪಿದವು. ರಾಜ್ಯಗಳ ಒಳಗಿನ ಗುಲಾಮಗಿರಿಯನ್ನು ಕೇಂದ್ರ ಯಾವತ್ತೂ ಮುಟ್ಟುವಂತಿಲ್ಲ ಎಂದು. ಸಾಕಷ್ಟು ರಾಜ್ಯಗಳು ಒಪ್ಪಿದ್ದರೆ ಅದು 13ನೇ ತಿದ್ದುಪಡಿಯಾಗುತ್ತಿತ್ತು. 1865ರಲ್ಲಿ ಕೊನೆಗೂ ಬಂದ 13ನೇ ತಿದ್ದುಪಡಿ ಗುಲಾಮಗಿರಿಯನ್ನೇ ರದ್ದು ಮಾಡಿತು. ನಡುವೆ ಇದ್ದದ್ದು ಬರೀ ನಾಲ್ಕು ವರ್ಷ. ಪಾಠ ಮಾಡುವಾಗ ಈ ಮಾತಿಗೆ ಬಂದರೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. 40 ಲಕ್ಷ ಜನರನ್ನು ಶಾಶ್ವತವಾಗಿ ಕೊಟ್ಟು ಶಾಂತಿ ಕೊಳ್ಳಲು ಇಷ್ಟೊಂದು ಜನ ತಯಾರಿದ್ದರು. ದಕ್ಷಿಣಕ್ಕೆ ಅದೂ ಸಾಕಾಗಲಿಲ್ಲ. ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನಲ್ಲಿ ಕೇಂದ್ರ ಸೈನ್ಯದ ಕೈಯಲ್ಲಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಫಿರಂಗಿ ಹಾರಿತು. ಲಿಂಕನ್ 75,000 ಸೈನಿಕರಿಗೆ ಕರೆ ಕೊಟ್ಟ. ಇನ್ನೂ ನಾಲ್ಕು ರಾಜ್ಯ ಹೊರಬಂದವು. ಅದರಲ್ಲಿ ವರ್ಜೀನಿಯಾ ಒಂದು.

ಯುದ್ಧ ಶುರುವಾದಾಗ ಲಿಂಕನ್ ಗುಲಾಮರ ಬಿಡುಗಡೆಗೆ ಎಂದು ಹೊರಟಿರಲಿಲ್ಲ, ದೇಶ ಒಡೆಯಬಾರದು ಎಂದು ಹೊರಟಿದ್ದ. ಅದು ಬಿಡುಗಡೆಯ ಯುದ್ಧವಾದದ್ದು ಹೇಗೆ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.

ವರ್ಜೀನಿಯಾದ ಕಡಲ ಬದಿಯಲ್ಲಿ ಮನ್ರೋ ಕೋಟೆ ಇನ್ನೂ ಉತ್ತರದ ಸೈನ್ಯದ ಕೈಯಲ್ಲೇ ಇತ್ತು. 1861ರ ಮೇ 23ರಂದು ವರ್ಜೀನಿಯಾದ ಮತದಾರರು ದೇಶ ಬಿಡುವುದಕ್ಕೆ ಒಪ್ಪಿ ಮತ ಹಾಕಿದರು. ಅದೇ ರಾತ್ರಿ ಮೂವರು ಗುಲಾಮರು ಒಂದು ಸಣ್ಣ ದೋಣಿ ಹತ್ತಿ ಹುಟ್ಟು ಹಾಕುತ್ತಾ ಆ ಕೋಟೆಗೆ ಬಂದರು. ಫ್ರ್ಯಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್. ದಕ್ಷಿಣದ ಸೈನ್ಯಕ್ಕೆ ಫಿರಂಗಿ ನೆಲೆ ಕಟ್ಟುವ ಕೆಲಸಕ್ಕೆ ಅವರನ್ನು ಹಾಕಿದ್ದರು. ಮುಂದೆ ಹೆಂಡತಿ ಮಕ್ಕಳಿಂದ ದೂರ, ಉತ್ತರ ಕ್ಯಾರೊಲೈನಾಗೆ ಕಳಿಸುವವರಿದ್ದರು. ಮರುದಿನ ಯಜಮಾನನ ಪರವಾಗಿ ಒಬ್ಬ ಮೇಜರ್ ಬಿಳಿ ಬಾವುಟ ಹಿಡಿದು ಬಂದ. ಓಡಿಹೋದವರನ್ನು ಒಪ್ಪಿಸಬೇಕೆಂದು ಕಾನೂನಿದೆ, ಕೊಡಿ ಎಂದ. ಕೋಟೆಯ ದಳಪತಿ ಬೆಂಜಮಿನ್ ಬಟ್ಲರ್ ಮೊದಲು ವಕೀಲನಾಗಿದ್ದವನು. ನೀವು ಬೇರೆ ದೇಶ ಎನ್ನುತ್ತಿದ್ದೀರಿ, ಬೇರೆ ದೇಶಕ್ಕೆ ನಮ್ಮ ದೇಶದ ಕಾನೂನು ಯಾಕೆ ಎಂದ. ಶತ್ರು ಸೈನ್ಯಕ್ಕೆ ದುಡಿಯುತ್ತಿದ್ದವರು, ಆದ್ದರಿಂದ ಯುದ್ಧದಲ್ಲಿ ವಶಪಡಿಸಿಕೊಂಡ ಮಾಲು ಎಂದು ಇಟ್ಟುಕೊಳ್ಳುತ್ತೇನೆ ಎಂದ. ಮನುಷ್ಯರು ಎಂದು ಬಾಯಿಬಿಟ್ಟು ಹೇಳಲು ಅವನಿಗೂ ಆಗಲಿಲ್ಲ. ಮೇಜರ್ ಬರಿಗೈಯಲ್ಲಿ ವಾಪಸ್ಸು ಹೋದ.

ಸುದ್ದಿ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಎರಡು ಮೂರು ದಿನದಲ್ಲಿ ಹತ್ತಾರು ಜನ ಬಂದರು. ಈಗ ಗಂಡಸರಷ್ಟೇ ಅಲ್ಲ, ಸಂಸಾರ ಸಮೇತ ಬಂದರು. ಹೆಂಗಸರು, ಕೈಗೂಸು. ಅವರು ಫಿರಂಗಿ ನೆಲೆ ಕಟ್ಟಿದವರಲ್ಲ, ಅವರನ್ನು ಯಾವ ಲೆಕ್ಕದಲ್ಲಿ ಇಟ್ಟುಕೊಳ್ಳುವುದು? ಬಟ್ಲರ್ ಮೇ 27ರಂದು ಮೇಲಿನವರಿಗೆ ಪತ್ರ ಬರೆದು ಕೇಳಿದ. ಅಪ್ಪ ಅಮ್ಮನ ದುಡಿಮೆ ತೆಗೆದುಕೊಂಡು ಮಕ್ಕಳನ್ನು ಮಾತ್ರ ಬೇಡ ಎನ್ನಲು ಆಗುತ್ತದೆಯೇ ಎಂದು.

ಉತ್ತರ ಬರುವ ತನಕ ಅವರು ಕಾಯಲಿಲ್ಲ. ಹುಟ್ಟು ಹಾಕುತ್ತಾ, ನಡೆಯುತ್ತಾ ಬರುತ್ತಲೇ ಇದ್ದರು. ಆ ಕೋಟೆ ಇರುವುದು ಪಾಯಿಂಟ್ ಕಂಫರ್ಟ್‌ನಲ್ಲಿ. 1619ರಲ್ಲಿ ಹಡಗು ಬಂದು ನಿಂತ ಅದೇ ಭೂಶಿರ.